ಎರಡು ನೂಲು ನೆರಳು

ಬೆಳಗಿನ ಏಳೂವರೆ. ಪೂರ್ವದ ಕಿಟಕಿಯಿಂದ ನುಗ್ಗಿದ ಬಿಸಿಲು ಅಡುಗೆಕಟ್ಟೆಯ ಕೆಳಗಿನ ಸಾಲು ಬಾಗಿಲುಗಳ ಮೇಲೆ ಓರೆಯಾಗಿ ಬಿದ್ದಿದೆ. ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿ ನೋಡಿ, ನೋಟ ಎಲ್ಲೂ ನಿಲ್ಲುವುದಿಲ್ಲ. ಕಂದು ಸನ್‌ಮೈಕಾ, ಅದರ ಮೇಲೆ ಅಚ್ಚಾದ ಮರದ ಗೆರೆ, ಹಿಡಿಕೆಯ ಸುತ್ತ ಎಷ್ಟೋ ವರ್ಷದ ಒಗ್ಗರಣೆ ಕೈಗಳು ಬಿಟ್ಟುಹೋದ ಜಿಡ್ಡು. ಮೈಸೂರಿನ ಕುವೆಂಪುನಗರದಲ್ಲಿ ಎಂಬತ್ತರ ದಶಕದ ಕೊನೆಗೆ ಕಟ್ಟಿದ ಮನೆ ಇದು. ಕಡಪ ಕಲ್ಲು ನಿಲ್ಲಿಸಿ, ಮುಂದೆ ತೇಗದ ಚೌಕಟ್ಟು ಕೂರಿಸಿ, ಅದರೊಳಗೆ ಪ್ಲೈವುಡ್ ಬಾಗಿಲು ಹೊಂದಿಸಿದ ಕಾಲದ್ದು.

ಬಡಗಿ ಆಚಾರ್ರು ಕಾಲು ಮಡಚಿ ನೆಲದ ಮೇಲೆ ಕೂತು ಒಂದೊಂದೇ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಾರೆ. ಪಕ್ಕದಲ್ಲಿ ಅಜ್ಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಎಲ್ಲವನ್ನೂ ಕಿತ್ತು ಹೊಸದು ಹಾಕಿಸಿ ಎಂದು ಅಂಗಡಿಯವರು ಕೊಟ್ಟ ಲೆಕ್ಕದ ಚೀಟಿ ಕ್ಯಾಲೆಂಡರಿನ ಹಿಂದೆ ಸೇರಿಹೋಗಿದೆ. ಹಳೆಯ ಬಾಗಿಲುಗಳಿಗೇ ಅಂಚಿನ ಸುತ್ತ ಮರದ ಪಟ್ಟಿ ಹೊಡೆದು, ಬಣ್ಣ ಬಳಿದು ಹೊಸ ಮುಖ ಕೊಡುವುದೆಂದು ಮಾತಾಗಿದೆ.

"ಮರ ಗಟ್ಟಿ ಇದೆ ಅಮ್ಮಾ. ಚೌಕಟ್ಟಿಗಂತೂ ಏನೂ ಆಗಿಲ್ಲ. ಸಿಂಕಿನ ಕೆಳಗಿಂದು ಮಾತ್ರ ಹೋಗಿದೆ."

ನೀವೂ ಬಗ್ಗಿ ನೋಡಿ. ಆ ಒಂದು ಬಾಗಿಲಿನ ಕೆಳಅಂಚು ನೀರು ಕುಡಿದು ಪದರ ಪದರವಾಗಿ ಬಾಯಿ ಬಿಟ್ಟಿದೆ. ತಟ್ಟಿದರೆ ಸದ್ದೇ ಬರುವುದಿಲ್ಲ. ಇದಕ್ಕೆ ಯಾವ ಪಟ್ಟಿ ಹೊಡೆದರೂ ಉಪಯೋಗವಿಲ್ಲ. ಐಎಸ್ 710 ಗುರುತಿರುವ, ನೀರು ತಡೆಯುವ ಪ್ಲೈನಲ್ಲಿ ಹೊಸದೇ ಆಗಬೇಕು. ಉಳಿದವನ್ನೆಲ್ಲ ಉಳಿಸಿಕೊಳ್ಳಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಸೆಟೆದು ನಿಂತ ಹಲಗೆಯನ್ನು ಮುಖ ಹಳೆಯದಾಯಿತೆಂದು ಬೀದಿಗೆ ಹಾಕುವುದು ನನ್ನ ಮಟ್ಟಿಗೆ ಅನ್ಯಾಯವೇ.

ತಿರುಪುಗಳು ಬಿಚ್ಚಿಕೊಳ್ಳುತ್ತಿವೆ. ಪ್ರತಿ ಬಾಗಿಲಿನ ಬೆನ್ನಿಗೂ ಪೆನ್ಸಿಲ್ಲಿನಲ್ಲಿ ನಂಬರು ಬೀಳುತ್ತದೆ, ಅದೇ ನಂಬರು ಚೌಕಟ್ಟಿನ ಒಳಮೈಗೂ. ಒಂದೇ ಅಳತೆಯಂತೆ ಕಂಡರೂ ಯಾವ ಎರಡು ಬಾಗಿಲೂ ಒಂದೇ ಅಳತೆಯಲ್ಲ. ಇಂಥ ಮನೆಗಳಲ್ಲಿ ಪ್ರತಿಯೊಂದನ್ನೂ ಅದರದರ ಕಿಂಡಿಗೆ ತಕ್ಕಂತೆ ಕೀಸಿ ಕೂರಿಸಿರುತ್ತಾರೆ.

ಹಿತ್ತಿಲಿಗೆ ಬನ್ನಿ. ತೆಂಗಿನ ನೆರಳಲ್ಲಿ ಬಾಗಿಲುಗಳು ಗೋಡೆಗೆ ಒರಗಿ ನಿಂತಿವೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಹುಡುಗ ಉಜ್ಜುತ್ತಿದ್ದಾನೆ. ಬಕೆಟ್ಟಿನ ನೀರು ಎರಡು ಸಲ ಕಂದಾಗಿ, ಮೂರನೆಯ ಸಲವೂ ಕದಡಿದೆ. "ಇನ್ನೊಂದ್ಸಲ ಉಜ್ಜಪ್ಪ," ಅಂತ ಆಚಾರ್ರು ಅಲ್ಲಿಂದಲೇ. ಎಣ್ಣೆ ಇದ್ದ ಕಡೆ ಅಂಟು ಹಿಡಿಯದು, ಬಣ್ಣವೂ ನಿಲ್ಲದು. ತೊಳೆದು ಒಣಗಿದ ಮೇಲೆ 120 ನಂಬರಿನ ಸ್ಯಾಂಡ್‌ಪೇಪರು. ಸನ್‌ಮೈಕಾದ ಹೊಳಪು ಸತ್ತು, ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗುವವರೆಗೆ ಉಜ್ಜುವ ಸದ್ದು ನಿಲ್ಲುವುದಿಲ್ಲ.

ಇನ್ನು ಪಟ್ಟಿ. ಸಾಮಿಲ್ಲಿನಿಂದ ಸೀಳಿಸಿ ತಂದ ಸಿಲ್ವರ್ ಓಕ್, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಅದೇ ಮರ. ಎರಡು ಇಂಚು ಅಗಲ, ಎರಡು ನೂಲು ದಪ್ಪ, ಅಂದರೆ ಹತ್ತಿರ ಹತ್ತಿರ 6 ಮಿಲಿಮೀಟರು. ಎಂಡಿಎಫ್ ಪಟ್ಟಿ ಇನ್ನೂ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ನೀರಿನ ಪಕ್ಕ ಅದು ಉಬ್ಬುತ್ತದೆ. ಅಜ್ಜಿಗೆ ಮೊದಲು ಮನಸ್ಸಿದ್ದದ್ದು ಹೂಬಳ್ಳಿ ಕೆತ್ತಿದ ಸಿದ್ಧ ಬೀಡಿಂಗಿನ ಮೇಲೆ. ದಿನಕ್ಕೆ ಎರಡು ಹೊತ್ತು ಸಾಸಿವೆ ಸಿಡಿಯುವ ಮನೆಯಲ್ಲಿ ಆ ಬಳ್ಳಿಯ ಸಂದುಗಳನ್ನು ಒರೆಸುವವರು ಯಾರು? ಸಾದಾ ಚಪ್ಪಟೆ ಪಟ್ಟಿಯೇ ಸರಿ.

ಮೊಮ್ಮಗಳು ಫೋನಿನಲ್ಲಿ ತೋರಿಸಿದ ಚಿತ್ರದಲ್ಲಿರುವುದೂ ಇಂಥದ್ದೇ. ಶೇಕರ್ ಬಾಗಿಲು ಅನ್ನುತ್ತಾರೆ. 1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಆನ್ ಲೀ ಮತ್ತು ಆಕೆಯ ಸಂಗಡಿಗರಿಂದ ಅಲ್ಲಿ ಬೆಳೆದ ಧಾರ್ಮಿಕ ಸಮುದಾಯದ ಹೆಸರು ಅದು. ಅಲಂಕಾರವನ್ನು ಬಿಟ್ಟು ಮರಗೆಲಸ ಮಾಡಿದವರು. ಆಚಾರ್ರು ಚಿತ್ರ ನೋಡಿ ಬೀದಿಬಾಗಿಲಿನ ಕಡೆ ಕೈ ತೋರಿಸುತ್ತಾರೆ: "ನಮ್ಮ ಪ್ಯಾನಲ್ ಬಾಗಿಲೇ ಅಲ್ವೇನವ್ವ ಇದು?" ಹೌದು. ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೇ ಸುತ್ತ ಗಟ್ಟಿ ಚೌಕಟ್ಟು ಕಟ್ಟಿ, ಅದರ ಒಳಅಂಚಿನ ತೋಡಿನೊಳಗೆ ಹಲಗೆಯನ್ನು ಅಂಟಿಸದೆ ಸಡಿಲವಾಗಿ ಬಿಡುತ್ತಾರೆ. ಮರದ ಈ ಉಸಿರಾಟ ಬಲ್ಲ ಬಡಗಿಗಳು ಹಲವು ಕಡೆ ಇದೇ ದಾರಿ ಹಿಡಿದಿದ್ದಾರೆ. ಪ್ಲೈವುಡ್ಡಿಗೆ ಆ ಕಷ್ಟವಿಲ್ಲ, ಪದರಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಾಗಾಗಿ ಇವತ್ತು ನಾವು ಹೊಡೆಯುವ ಪಟ್ಟಿ ಮಾಡಬೇಕಾದ ಕೆಲಸ ಒಂದೇ: ನೆರಳು ಬೀಳಿಸುವುದು.

ಆಚಾರ್ರು ಅಂಟು ಮುಟ್ಟುವ ಮೊದಲು ನಾಲ್ಕು ಪಟ್ಟಿಗಳನ್ನು ಟೇಪಿನಿಂದ ಒಂದು ಬಾಗಿಲಿಗೆ ಸಿಕ್ಕಿಸಿ, ಬಿಸಿಲಿಗೆ ನಿಲ್ಲಿಸುತ್ತಾರೆ. ಹತ್ತು ಹೆಜ್ಜೆ ಹಿಂದೆ ಬನ್ನಿ. ಪಟ್ಟಿಯ ಒಳಅಂಚಿನಿಂದ ಸಣ್ಣ ಕಪ್ಪು ಗೆರೆಯೊಂದು ಇಳಿದಿದೆ, ಅಷ್ಟೆ. ಅಷ್ಟಕ್ಕೇ ಮಧ್ಯದ ಹಲಗೆ ಒಳಗೆ ಸರಿದು ಕೂತಿತು, ಬಾಗಿಲಿಗೆ ಆಳ ಬಂತು. ಮೂರು ಇಂಚಿನ ಪಟ್ಟಿ ಇಟ್ಟು ನೋಡಿದರು, ಭಾರವಾಯಿತು. ಡ್ರಾಯರಿನ ಮುಖ ಐದೇ ಇಂಚು ಎತ್ತರ. ಎರಡು ಇಂಚಿನದು ಮೇಲೂ ಕೆಳಗೂ ಹಾಕಿದರೆ ನಡುವೆ ಒಂದೇ ಇಂಚು ಉಳಿದು ಉಸಿರು ಕಟ್ಟುತ್ತದೆ. ಡ್ರಾಯರುಗಳು ಸಾದಾ ಇರಲಿ ಎಂದು ತೀರ್ಮಾನವಾಯಿತು. ನನಗೂ ಅದೇ ಒಪ್ಪಿಗೆ.

ಮೂಲೆ ಸೇರಿಸುವುದು ಹೇಗೆ? 45 ಡಿಗ್ರಿಗೆ ಕೊಯ್ದು ಕೂಡಿಸಿದರೆ ಮೊದಲ ದಿನ ಸೊಗಸು, ಹವೆ ಬದಲಾದಾಗ ಸಂದು ಬಿಡುತ್ತದೆ. ಆದ್ದರಿಂದ ನಿಂತ ಪಟ್ಟಿ ಬಾಗಿಲಿನ ಪೂರ್ತಿ ಎತ್ತರಕ್ಕೆ, ಮಲಗಿದ ಪಟ್ಟಿ ಅವೆರಡರ ನಡುವೆ. ಮೂಲೆಮಟ್ಟ ಇಟ್ಟು ಗೆರೆ ಎಳೆದು, ಗರಗಸ ಗೆರೆಯ ಹೊರಗೇ ಓಡುತ್ತದೆ. ಉಳಿದ ಕೂದಲೆಳೆಯಷ್ಟನ್ನು ತೋಪಡ ತೆಗೆಯುತ್ತದೆ.

ಅಷ್ಟರಲ್ಲಿ ಅಜ್ಜಿ ಸ್ನಾನಕ್ಕೆಂದು ಹಂಡೆ ಒಲೆಗೆ ತೆಂಗಿನ ಗರಿ ತುರುಕಿದ್ದಾರೆ.

"ಅಮ್ಮಾ, ಬೇಡ ಬೇಡ! ಈಗ ಬೆಂಕಿ ಹಚ್ಚಬೇಡಿ!"

ಡಬ್ಬದ ಮುಚ್ಚಳ ಆಗತಾನೆ ತೆರೆದಿದೆ. ಮೂಗಿಗೆ ಬಡಿದ ಘಾಟು ಗೊತ್ತಾಯಿತಲ್ಲ? ರಬ್ಬರು ಅಂಟಿನ ಆವಿಗೆ ಬೆಂಕಿ ತಗಲುವುದು ಕ್ಷಣದ ಮಾತು. ಬಿಳಿ ಫೆವಿಕಾಲ್ ಆಗಿದ್ದರೆ ಈ ಭಯವಿರಲಿಲ್ಲ. ಆದರೆ ಅದರ ನೀರನ್ನು ಮರ ಹೀರಿಕೊಂಡರೆ ತಾನೆ ಅದು ಗಟ್ಟಿಯಾಗುವುದು. ಸನ್‌ಮೈಕಾ ಹನಿ ನೀರನ್ನೂ ಹೀರುವುದಿಲ್ಲ. ಅದಕ್ಕೇ ಇದು. ಪಟ್ಟಿಯ ಬೆನ್ನಿಗೆ ತೆಳುವಾಗಿ, ಬಾಗಿಲ ಮೇಲೆ ಗೆರೆ ಎಳೆದ ಜಾಗಕ್ಕೂ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗಲು ಬಿಡಬೇಕು. ಯಾರೂ ಮಾತಾಡುತ್ತಿಲ್ಲ. ಒಮ್ಮೆ ಮೈಗೆ ಮೈ ತಾಗಿತೋ, ಮತ್ತೆ ಜರುಗಿಸುವ ಮಾತೇ ಇಲ್ಲ.

ಆಚಾರ್ರು ನಡುವೆ ನುಣುಪು ಕಾಗದವೊಂದನ್ನು ಹಾಸಿ ಅದರ ಮೇಲೆ ಪಟ್ಟಿ ಇಡುತ್ತಾರೆ. ಒಣಗಿದ ಅಂಟು ಕಾಗದಕ್ಕೆ ಹಿಡಿಯುವುದಿಲ್ಲ. ತುದಿಯನ್ನು ಗೆರೆಗೆ ಕೂಡಿಸಿ, ಒಂದು ಕೈಯಲ್ಲಿ ಒತ್ತಿ, ಇನ್ನೊಂದು ಕೈಯಲ್ಲಿ ಕಾಗದವನ್ನು ಮೆಲ್ಲಗೆ ಎಳೆಯುತ್ತ ಹೋಗುತ್ತಾರೆ. ಕಾಗದ ಹೊರಬಂದಷ್ಟೂ ಪಟ್ಟಿ ಕೂರುತ್ತದೆ. ಮೇಲೊಂದು ಮರದ ತುಂಡು ಇಟ್ಟು ಕೊಡತಿಯಿಂದ ಉದ್ದಕ್ಕೂ ಬಡಿತ. ಆಮೇಲೆ ಮುಕ್ಕಾಲು ಇಂಚಿನ ಸಣ್ಣ ಮೊಳೆಗಳು, ತಲೆ ಮರದೊಳಗೆ ಇಳಿಯುವಂತೆ. ಪಟ್ಟಿ ಹಲಗೆ ಎರಡೂ ಸೇರಿ ಒಂದು ಇಂಚಿನಷ್ಟು ಇರುವುದರಿಂದ ಮೊಳೆಯ ಮೊನೆ ಹಿಂದೆ ಇಣುಕದು.

ಲಪ್ಪ, ಉಜ್ಜುವುದು, ಪ್ರೈಮರು, ಮತ್ತೆ ಉಜ್ಜುವುದು, ಎರಡು ಕೈ ತಿಳಿ ಹಸಿರು ಎನಾಮೆಲ್: ಇದೆಲ್ಲ ತಾಳ್ಮೆಯ ಕೆಲಸ, ಹೇಳುವುದಕ್ಕೆ ಹೆಚ್ಚಿಲ್ಲ. ಒಂದನ್ನು ಮಾತ್ರ ಬಿಡುವಂತಿಲ್ಲ. ಪಟ್ಟಿಯ ಒಳಅಂಚು ಹಲಗೆಗೆ ಸೇರುವ ಸಂದಿಗೆ ಸೀಲಂಟ್ ತುಂಬಿ ಬೆರಳಲ್ಲಿ ನೀವಬೇಕು. ಬಿಟ್ಟರೆ ಎಣ್ಣೆ ಅಲ್ಲೇ ಇಳಿಯುತ್ತದೆ. ಕೆಳಅಂಚಿಗೂ ಬಣ್ಣ ಬೇಕು, ಕಾಣದಿದ್ದರೂ. ಸಿಂಕಿನ ಬಾಗಿಲು ನೀರು ಕುಡಿದದ್ದು ಅಲ್ಲಿಂದಲೇ.

ಈಗ ನಂಬರು ನೋಡಿ ನೋಡಿ ಬಾಗಿಲು ವಾಪಸ್ಸು ಏರುತ್ತಿವೆ. ಮೊದಲೆಲ್ಲ ಪೂರ್ತಿ ಹಿಂದಕ್ಕೆ ಮಲಗುತ್ತಿದ್ದ ಬಾಗಿಲು ಈಗ ನಡುವೆಯೇ ನಿಲ್ಲುತ್ತದೆ: ಹಿಂಜಸ್ಸಿನ ಪಕ್ಕದ ಪಟ್ಟಿ ಚೌಕಟ್ಟಿಗೆ ತಾಗುತ್ತದೆ. ಬಲವಂತ ಮಾಡಿದರೆ ತಿರುಪು ಕಿತ್ತು ಬರುತ್ತದೆ. ಇದು ಗೊತ್ತಿದ್ದೇ ಆಚಾರ್ರು ಆ ಬದಿಯ ಪಟ್ಟಿಯನ್ನು ಅಂಚಿನಿಂದ ಎರಡು ನೂಲು ಒಳಗೆ ಸರಿಸಿ ಹೊಡೆದಿದ್ದಾರೆ. ಪೂರ್ತಿ ಮಲಗದಿದ್ದರೂ ಪಾತ್ರೆ ತೆಗೆಯಲು ಬೇಕಾದಷ್ಟು ಧಾರಾಳವಾಗಿ ತೆರೆಯುತ್ತದೆ. ಅಜ್ಜಿ ತಾವೇ ದೊಡ್ಡ ಕುಕ್ಕರು ಹೊರಗೆ ತೆಗೆದು, ಒಳಗಿಟ್ಟು, ಮತ್ತೆ ತೆಗೆದು ನೋಡುತ್ತಾರೆ.

ಉಳಿದದ್ದು ಮೂಲೆ. ಎರಡು ಸಾಲು ಕೂಡುವಲ್ಲಿ ಒಂದು ಬಾಗಿಲು ತೆರೆದರೆ ಪಕ್ಕದ್ದರ ಹಿಡಿಕೆಗೆ ಬಡಿಯುತ್ತದೆ; ಆ ಎರಡು ನೂಲು ದಪ್ಪ ಹಿಡಿಕೆಯನ್ನು ಮುಂದಕ್ಕೆ ತಳ್ಳಿದೆ.

"ಇಲ್ಲಿ ಉದ್ದ ಹಿಡಿಕೆ ಬೇಡಮ್ಮ. ಪಟ್ಟಿ ಮೇಲೆ ಸಣ್ಣ ಗುಂಡು ಹಿಡಿ ಹಾಕ್ತೀನಿ, ಮೇಲ್ಮೂಲೆಗೆ."

"ನನ್ನ ಕೈಗೆ ಸಿಗೋ ಹಾಗೆ ಹಾಕಪ್ಪ, ಬಗ್ಗೋಕಾಗಲ್ಲ."

ಆಚಾರ್ರು ಅಜ್ಜಿಯ ಕೈಯನ್ನೇ ಬಾಗಿಲ ಮೇಲೆ ಇಡಿಸಿ, ಬೆರಳು ತಾಗಿದ ಜಾಗಕ್ಕೆ ಪೆನ್ಸಿಲ್ಲಿನ ಚುಕ್ಕೆ ಇಟ್ಟು, ಡ್ರಿಲ್ಲು ಕೈಗೆ ತೆಗೆದುಕೊಳ್ಳುತ್ತಾರೆ.