ಹಳೆಯ ವ್ಯಾನಿಗೆ ಯಾವ ಎಂಜಿನ್?

ಆಸನಗಳನ್ನು ಕಳಚಿ ಮಲಗುವ ಹಲಗೆ, ಒಲೆ, ನೀರಿನ ಡ್ರಮ್ಮುಗಳನ್ನು ಜೋಡಿಸಿಕೊಂಡಿದ್ದ ನಮ್ಮ ಮೆಟಡೋರ್ ವ್ಯಾನಿನ ಎಂಜಿನ್ ಈ ಮಳೆಗಾಲದಲ್ಲಿ ಸಂಪೂರ್ಣ ಸೋತಿತು. ಬೆನ್ನುನೋವಿನ ಅಮ್ಮನಿಗೆ ಕಾಸರಗೋಡು ದಾಟಿ ದೂರದ ಊರು ಕಾಣಲು ಇದ್ದ ದಾರಿ ಅದೊಂದೇ. ಗುಜರಿಗೆ ಹಾಕುವ ಮಾತನ್ನು ನಾನು ಬೆಳೆಯಗೊಡಲಿಲ್ಲ.

ಸಂಪಾಜೆ ಘಾಟಿಯನ್ನು ಸಲೀಸಾಗಿ ಏರುವಂಥ, ಹೆಚ್ಚು ಶಕ್ತಿಯ ಹೊಸ ಕಾಲದ ಎಂಜಿನ್ ಕೂರಿಸೋಣವೆಂದರು ಭಾವ. ಆಸೆ ನನಗೂ ಇತ್ತು. ಆದರೆ ಬಲ ಹೆಚ್ಚಿದರೆ ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್‌ಗಳೂ ಅದನ್ನು ತಾಳಬೇಕು. ಏರುವ ವೇಗ ಹೆಚ್ಚಿತೆಂದು ಇಳಿಜಾರಿನಲ್ಲಿ ಹಳೆಯ ಬ್ರೇಕು ಹೊಸದಾಗದು. ಆರ್.ಸಿ.ಯಲ್ಲಿ ಎಂಜಿನ್ ಸಂಖ್ಯೆ ನಮೂದಾಗಿರುವುದರಿಂದ ಯಾವುದನ್ನು ಹಾಕಿದರೂ ಸಾರಿಗೆ ಕಚೇರಿಯಲ್ಲಿ ತಿದ್ದಿಸಬೇಕು. ಬೇರೆ ಜಾತಿಯದಾದರೆ ಅಲೆದಾಟ ಇನ್ನೂ ಹೆಚ್ಚು.

ಕೊನೆಗೆ ಅದೇ ಮಾದರಿಯ, ಬಳಸಿದ ಎರಡು ಎಂಜಿನ್‌ಗಳನ್ನು ಮಂಗಳೂರಿನಲ್ಲಿ ನೋಡಿದೆವು. ಬಣ್ಣ ಬಳಿದು ಹೊಳೆಯುತ್ತಿದ್ದುದರ ಆಯಿಲ್ ಮುಚ್ಚಳದಡಿಯಲ್ಲಿ ಹಾಲಿನಂಥ ನೊರೆ. ಎಣ್ಣೆಗೆ ನೀರು ಬೆರೆತ ಕುರುಹು. ಇನ್ನೊಂದು ಮಸಿ ಹಿಡಿದಿತ್ತು. ತಣ್ಣಗಿದ್ದಾಗಲೇ ಮೊದಲ ಯತ್ನಕ್ಕೆ ಚಾಲೂ ಆಯಿತು. ಓಡುತ್ತಿರುವಾಗ ಮುಚ್ಚಳ ತೆಗೆದರೂ ಹೊಗೆ ಉಗುಳಲಿಲ್ಲ.

“ಇದಕ್ಕೆ ಜೀವ ಉಂಟು ಮಾರಾಯ್ರೆ” ಎಂದರು ಮೆಕ್ಯಾನಿಕ್.

ಅದನ್ನೇ ತಂದೆವು. ಘಾಟಿಯಲ್ಲಿ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲೇ ತೆವಳಬೇಕಾದೀತು. ಅಮ್ಮ ಮಾತ್ರ ಮಡಿಕೇರಿಯ ಚಳಿಗೆಂದು ಈಗಲೇ ಶಾಲು ತೆಗೆದಿರಿಸಿದ್ದಾರೆ.