ಕಾಲಾಗ ನೀ ಇಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಈ ನಾಲ್ಕೂ ಕಡೆ ಬೈಕ್ ಮೇಲೆ ಸುದ್ದಿಗಾಗಿ ತಿರುಗುವುದು ನಮ್ಮ ಕೆಲಸ. ಸುದ್ದಿ ಅಚ್ಚಾದರೆ ದುಡ್ಡು, ಮನೆಯಲ್ಲಿ ಕೂತರೆ ಏನೂ ಇಲ್ಲ. ಹೋದ ವರ್ಷ ನಡ ಹಿಡಿದು ಹದಿನೈದು ದಿನ ಮಲಗಿದೆವು. ಆಗ ಫೋನಿನಲ್ಲಿ ಕಣ್ಣಿಗೆ ಬಿದ್ದದ್ದು ತೈ ಚಿ.

ಚೀನಾದ ಈ ಕಾಳಗ ವಿದ್ಯೆ ಹುಟ್ಟಿದ್ದು ನಮ್ಮಂಥದೇ ಒಂದು ಹಳ್ಳಿಯಲ್ಲಿ. ಹೆನಾನ್ ಪ್ರಾಂತ್ಯದಲ್ಲಿ ಚೆನ್ ಮನೆತನದವರ ಊರು, 17ನೇ ಶತಮಾನ. 1956ರಲ್ಲಿ ಅಲ್ಲಿನ ಸರ್ಕಾರದ ಕ್ರೀಡಾ ಸಮಿತಿ ಸಾಮಾನ್ಯ ಜನರಿಗಾಗಿ ಅದನ್ನು 24 ವರಸೆಗಳಿಗೆ ಇಳಿಸಿತು. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಾವು ಕಲಿತದ್ದು ಮೊದಲ ಆರು ವರಸೆ: ಕುದುರೆಯ ಜೂಲು ಸರಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಕೋತಿ ಓಡಿಸುತ್ತ ಹಿಂದೆ ಸರಿಯುವುದು, ಹೀಗೆ.

ನಸುಕಿನಲ್ಲಿ ಮಾಳಿಗೆ ಮೇಲೆ ಕೈ ತೇಲಿಸುತ್ತ ನಿಂತರೆ ಪಕ್ಕದ ಮನೆಯವರು, "ಯಾಕ್ರೀ ಸಾಹೇಬ್ರ, ಗಾಳಿ ಹಿಡದೈತೇನು?" ಅಂದರು. ತಪ್ಪೇನಿಲ್ಲ. ನಾವು ಹುಡುಕುತ್ತಿದ್ದದ್ದೂ ಗಾಳಿಯನ್ನೇ. ಉಸಿರಿನ ಜೊತೆ ಒಳಗೆ ಹರಿಯುವ ಶಕ್ತಿಯೊಂದಿದೆ, ಅದರ ನೆಲೆ ಹೊಕ್ಕಳದ ಕೆಳಗೆ ಅಂತ ಚೀನಾದವರ ನಂಬಿಕೆ. ಮೂರು ವಾರ ಹುಡುಕಿದೆವು. ಸಿಕ್ಕದ್ದು ಮೊಣಕಾಲು ನೋವು.

ಕಾರ ಹುಣ್ಣಿಮೆಗೆ ಸಂಗ್ರಾಣಿ ಕಲ್ಲು ಎತ್ತುವ ಸುದ್ದಿಗೆಂದು ಸಿಂದಗಿ ಕಡೆಯ ಒಂದು ಊರಿಗೆ ಹೋದೆವು. ತಾಲೀಮ ಮನೆಯ ಮುದಿ ವಸ್ತಾದರ ಮುಂದೆ ನಮ್ಮ ವರಸೆ ಮಾಡಿ ತೋರಿಸಿದೆವು. ಅವರು ನಗಲಿಲ್ಲ. ಎದ್ದು ಬಂದು ನಮ್ಮ ಹೆಗಲಿಗೆ ಎರಡು ಬೆರಳು ಹಚ್ಚಿದರು. ನಾವು ಎರಡು ಹೆಜ್ಜೆ ಹಿಂದಕ್ಕೆ ಹೋದೆವು.

"ತಮ್ಮಾ, ಕೈ ಚೆಂದ ಆಡಸ್ತಿ. ಕಾಲಾಗ ನೀ ಇಲ್ಲ."

ಆಮೇಲೆ ಕೆಮ್ಮಣ್ಣಿನ ಮೇಲೆ ನಿಲ್ಲಿಸಿ ಹೇಳಿಕೊಟ್ಟರು. ಮೊಣಕಾಲು ಚೂರು ಸಡಿಲ ಬಿಡಬೇಕು, ಕಾಲ್ಬೆರಳು ದಾಟಿ ಮುಂದೆ ಹೋಗಬಾರದು. ಒಂದು ಕಾಲಿಗೆ ಪೂರ್ತಿ ಭಾರ ಬಂದ ಮೇಲೆಯೇ ಇನ್ನೊಂದು ಎತ್ತಬೇಕು. "ಉಸರ ಎದಿಗೆ ಏರಸಬ್ಯಾಡ, ಹೊಟ್ಟ್ಯಾಗ ಇಡು. ಕಲ್ಲು ಕೈಲೆ ಏಳೂದಿಲ್ಲ, ಹಿಮ್ಮಡದಿಂದ ಏಳತೈತಿ." ತೈ ಚಿ ಅನ್ನುವ ಹೆಸರನ್ನೇ ಅವರು ಕೇಳಿರಲಿಲ್ಲ. ಆದರೆ ಬಲ ಪಾದದಲ್ಲಿ ಹುಟ್ಟಿ, ನಡದಲ್ಲಿ ತಿರುಗಿ, ಕೈಗೆ ಬರುತ್ತದೆ ಅಂತ ತೈ ಚಿ ಗುರುಗಳೂ ಹೇಳುವುದು. ನಾವು ವಿಡಿಯೋದಲ್ಲಿ ಕೈ ಮಾತ್ರ ನೋಡಿದ್ದೆವು.

ಈಗ ದಿನಾ ಇಪ್ಪತ್ತು ನಿಮಿಷ. ಕೆಲವು ದಿನ ಅಂಗೈ ಬೆಚ್ಚಗಾಗುತ್ತದೆ. ವಸ್ತಾದರು ಅದಕ್ಕೆ ಕಸುವು ಅಂದಾರು, ಚೀನಾದವರು ಇನ್ನೇನೋ ಅಂದಾರು. ಒಳಶಕ್ತಿಯಿಂದ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಹೋಗುತ್ತದೆ ಅನ್ನುವ ವಿಡಿಯೋಗಳನ್ನು ಮಾತ್ರ ನಂಬಬೇಡಿ, ಗುಳಿಗೆ ಬಿಡಬೇಡಿ. ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ನಮ್ಮ ನಡ ಪೂರ್ತಿ ನೆಟ್ಟಗಾಗಿಲ್ಲ. ಮುದ್ದೇಬಿಹಾಳಕ್ಕೆ ಹೋಗಿ ಬಂದ ರಾತ್ರಿ ಈಗಲೂ ಹಿಡಿಯುತ್ತದೆ.

ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಅವ್ವ ಗೋಡೆ ಹಿಡಿದೇ ನಡೆಯುತ್ತಿದ್ದಳು. ಈಗ ಮಂಚದ ಕಾಲು ಹಿಡಿದು ಈ ಕಾಲಿಂದ ಆ ಕಾಲಿಗೆ ಭಾರ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಮೊನ್ನೆ ಕೇಳಿದಳು, "ಆ ಕ್ವಾತಿ ಓಡಸೂದು ಯಾವಾಗ ಕಲಸ್ತಿ?"