ಡಕ್ಸ್‌ಫರ್ಡಿನ ವಿಮಾನಗಳೂ ಬಟಾಣಿ ಬೇಳೆಯ ಲೆಕ್ಕವೂ

ಲಂಡನ್ನಿನಿಂದ ಉತ್ತರಕ್ಕೆ ಸಾಗುವ ಎಂ-11 ಹೆದ್ದಾರಿ ಕೇಂಬ್ರಿಜ್ ನಗರವನ್ನು ತಲುಪಲು ಇನ್ನು ಹದಿನಾಲ್ಕು ಕಿಲೋಮೀಟರಿನಷ್ಟು ಇರುವಾಗ, ಗೋಧಿಯ ಹೊಲಗಳ ನಡುವೆ ಡಕ್ಸ್‌ಫರ್ಡ್ ಎಂಬ ಸಣ್ಣ ಗ್ರಾಮ ಎದುರಾಗುತ್ತದೆ. ಗ್ರಾಮದ ಪಕ್ಕದ ವಿಮಾನ ನೆಲೆಗೆ ಒಂದು ಶತಮಾನದ ವಯಸ್ಸು. ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ ಕಟ್ಟಿದ ಇಟ್ಟಿಗೆ ಗೋಡೆಯ ವಿಮಾನಶಾಲೆಗಳು ಇಂದಿಗೂ ಅಲ್ಲಿ ನಿಂತಿವೆ. ಬ್ರಿಟಿಷ್ ವಾಯುಪಡೆಗೆ ಬಂದ ಮೊದಲ ಸ್ಪಿಟ್‌ಫೈರ್ ವಿಮಾನ 1938ರ ಆಗಸ್ಟ್ 4ರಂದು ಇಳಿದದ್ದು ಇದೇ ಹುಲ್ಲುನೆಲದ ಮೇಲೆ. 1943ರಿಂದ ಇಲ್ಲಿ ಬೀಡುಬಿಟ್ಟ ಅಮೆರಿಕದ 78ನೆಯ ಫೈಟರ್ ಗ್ರೂಪಿನ ವಿಮಾನಗಳ ಮೂತಿಗೆ ಕಪ್ಪು ಬಿಳುಪಿನ ಚೌಕುಳಿ ಬಳಿದಿರುತ್ತಿತ್ತು. ವಿಚಿತ್ರವೆಂದರೆ, ಯುದ್ಧವನ್ನು ದಾಟಿ ಉಳಿದ ವಿಮಾನಶಾಲೆಗಳಲ್ಲಿ ಒಂದು 1968ರಲ್ಲಿ, ಅದೇ ಯುದ್ಧದ ಕುರಿತಾದ ಚಲನಚಿತ್ರವೊಂದರ ಚಿತ್ರೀಕರಣಕ್ಕಾಗಿ ಸ್ಫೋಟಕ್ಕೆ ಆಹುತಿಯಾಯಿತು. ಈಗ ಇದು ಇಂಪೀರಿಯಲ್ ವಾರ್ ಮ್ಯೂಸಿಯಂನ ಶಾಖೆ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಕ್ಕಳ ಕೈಹಿಡಿದ ಕುಟುಂಬಗಳು. ಅವರ ನಡುವೆ ಬೇರೊಂದು ಬಗೆಯ ಸಂದರ್ಶಕರೂ ಇರುತ್ತಾರೆ. ಅವರು ವಿಮಾನದಿಂದ ಹಿಂದೆ ಸರಿದು ಅದರ ಪೂರ್ಣರೂಪವನ್ನು ನೋಡುವುದಿಲ್ಲ. ಹಗ್ಗದ ಬೇಲಿಯವರೆಗೆ ಹೋಗಿ, ಬಗ್ಗಿ, ರೆಕ್ಕೆಯ ಒಂದು ಗೇಣು ತಗಡನ್ನೇ ಹತ್ತು ನಿಮಿಷ ದಿಟ್ಟಿಸುತ್ತಾರೆ. ಎರಡು ತಗಡುಗಳು ಕೂಡುವ ಗೆರೆ, ರಿವೆಟ್ಟಿನ ತಲೆ, ಹೊಗೆಕೊಳವೆಯ ಹಿಂದಿನ ಕಂದು ಕಲೆ, ಎಲ್ಲದರ ಚಿತ್ರ ತೆಗೆದು ಲೆಕ್ಕ ಬರೆದುಕೊಳ್ಳುತ್ತಾರೆ. ರೇಡಿಯೋ ನಿಯಂತ್ರಣದಿಂದ ಹಾರುವ ಮಾದರಿ ಯುದ್ಧವಿಮಾನಗಳನ್ನು ಅಳತೆಗೆ ತಕ್ಕಂತೆ ಕಟ್ಟುವವರು ಇವರು. ಸ್ಪಿಟ್‌ಫೈರ್ ರೆಕ್ಕೆಯ ಹರವು 11.23 ಮೀಟರು, ಐದನೆಯ ಒಂದರ ಅಳತೆಯಲ್ಲಿ ಅದು ಎರಡೂಕಾಲು ಮೀಟರು. ಬಾಲ್ಸಾ ಮರದಿಂದ ಆಕಾರವನ್ನು ಕಟ್ಟಲು ಕೆಲವು ತಿಂಗಳು ಸಾಕಾದರೆ, ಮೇಲ್ಮೈಯನ್ನು ನಿಜವಾಗಿಸಲು ವರ್ಷಗಳೇ ಬೇಕಾಗಬಹುದು.

ರಿವೆಟ್ಟಿಗೆ ಇಷ್ಟು ಗೌರವವೇಕೆಂಬುದನ್ನು ಸ್ಪಿಟ್‌ಫೈರಿನ ಚರಿತ್ರೆಯೇ ಹೇಳುತ್ತದೆ. ಉಬ್ಬುತಲೆಯ ರಿವೆಟ್ಟು ಹೊಡೆಯುವುದು ಸುಲಭ, ಅಗ್ಗ. ತಗಡಿನ ಮಟ್ಟಕ್ಕೆ ಕೂರುವ ಚಪ್ಪಟೆ ರಿವೆಟ್ಟು ಹೊಡೆಯುವುದು ನಿಧಾನದ ಕೆಲಸ. ಎಲ್ಲಿ ಯಾವುದು ಅಗತ್ಯವೆಂದು ತಿಳಿಯಲು ಎಂಜಿನಿಯರರು ಮಾಡಿದ ಪ್ರಯೋಗ ಅಡುಗೆಮನೆಯದು: ಚಪ್ಪಟೆ ರಿವೆಟ್ಟುಗಳ ಮೇಲೆ ಒಂದೊಂದು ಬಟಾಣಿ ಬೇಳೆಯನ್ನು ಅಂಟಿಸಿ ವಿಮಾನವನ್ನು ಹಾರಿಸಿದರು. ವೇಗ ಗಂಟೆಗೆ 22 ಮೈಲಿಯಷ್ಟು ಕುಸಿಯಿತು. ಬಳಿಕ ಒಂದೊಂದು ಭಾಗದ ಬೇಳೆಯನ್ನು ಕಿತ್ತು ಮತ್ತೆ ಹಾರಿಸಿ, ಎಲ್ಲಿ ಉಬ್ಬುತಲೆ ಇದ್ದರೂ ನಷ್ಟವಿಲ್ಲವೆಂದು ಕಂಡುಕೊಂಡರು. ಹೀಗಾಗಿ ಮೊದಮೊದಲ ಸ್ಪಿಟ್‌ಫೈರುಗಳ ರೆಕ್ಕೆ ನುಣುಪು, ಒಡಲಿನ ಹಿಂಭಾಗ ಉಬ್ಬುತಲೆಗಳ ಸಾಲು. ಮಾದರಿಯ ಮೈತುಂಬ ಒಂದೇ ಬಗೆಯ ಚುಕ್ಕೆ ಹಾಕಿದವನು ಆ ಬೇಳೆಯ ಲೆಕ್ಕವನ್ನೇ ಅಳಿಸಿಹಾಕಿದಂತೆ.

ಅಮೆರಿಕದ ಮಸ್ಟಾಂಗ್ ವಿಮಾನದ ಮುಂದೆ ನಿಂತಾಗ ಪಾಠ ಇನ್ನೂ ಕಠಿಣ. ಅದರ ರೆಕ್ಕೆಯ ಮೇಲೆ ಗಾಳಿ ಪದರಗೆಡದೆ ಹರಿಯಲೆಂದು ಕಾರ್ಖಾನೆಯಲ್ಲಿಯೇ ರೆಕ್ಕೆಯ ಮುಂಭಾಗದ ರಿವೆಟ್ಟುಗಳನ್ನೂ ಕೂಡುಗೆರೆಗಳನ್ನೂ ಪುಟ್ಟಿಯಿಂದ ತುಂಬಿ, ಉಜ್ಜಿ, ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಒಡಲು ಮಾತ್ರ ಬರಿಯ ಲೋಹ. ಮಸ್ಟಾಂಗಿನ ರೆಕ್ಕೆಯ ಮುಂಭಾಗಕ್ಕೆ ಸಾವಿರ ರಿವೆಟ್ಟು ಒತ್ತಿದ ಮಾದರಿ ನೋಡಲು ಬೆರಗು ಹುಟ್ಟಿಸಬಹುದು. ಆದರೆ ಅಷ್ಟು ಶ್ರಮವೂ ಸುಳ್ಳಿಗೆ ಸಂದಂತಾಯಿತು. ಅಲ್ಲಿ ಏನನ್ನೂ ಸೇರಿಸದೆ ಕೈಕಟ್ಟಿ ಕೂರುವುದೇ ಕುಶಲತೆ.

ಸೇರಿಸುವ ವಿಧಾನಗಳಾದರೋ ಬಹಳ ಸರಳ ಸಾಮಗ್ರಿಯವು. ಮರದ ಮೈಗೆ ತೆಳುವಾದ ಗಾಜಿನ ನಾರಿನ ಬಟ್ಟೆ ಹೊದಿಸಿ, ರಾಳ ಹಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜುತ್ತಾರೆ. ಕೂಡುಗೆರೆ ಬೇಕಾದಲ್ಲಿ ನೂಲಿನಷ್ಟು ತೆಳುವಾದ ಪಟ್ಟಿಯನ್ನು ಅಂಟಿಸಿ, ಮೇಲೆ ಪ್ರೈಮರ್ ಸಿಂಪಡಿಸಿ ಉಜ್ಜಿ, ಪಟ್ಟಿಯನ್ನು ಎಳೆದುಬಿಟ್ಟರೆ ಗೆರೆ ಉಳಿಯುತ್ತದೆ. ಉಬ್ಬುತಲೆಗೆ ಮರಗೆಲಸದ ಬಿಳಿ ಅಂಟನ್ನು ಸೂಜಿಯ ತುದಿಯಿಂದ ಹನಿಹನಿಯಾಗಿ ಇಡುತ್ತಾರೆ. ಚಪ್ಪಟೆ ರಿವೆಟ್ಟಿಗೆ ಸಣ್ಣ ಹಿತ್ತಾಳೆ ಕೊಳವೆಯ ಬಾಯನ್ನು ಕಾಯಿಸಿ ಮೃದುವಾಗಿ ಒತ್ತಿ ಉಂಗುರದ ಗುರುತು ಮೂಡಿಸುತ್ತಾರೆ. ಬರಿಯ ಲೋಹದ ಮೈ ಬೇಕಾದವರು ಮೊರೆಹೋಗುವುದು ಮುದ್ರಣಾಲಯಕ್ಕೆ. ಪತ್ರಿಕೆಗಳನ್ನು ಅಚ್ಚುಹಾಕಿ ಮುಗಿದ ಆಫ್‌ಸೆಟ್ ಯಂತ್ರದ ಅಲ್ಯೂಮಿನಿಯಂ ತಗಡು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದು. ಅದರ ಮೇಲೆ ಸಾಬೂನು ಉಜ್ಜಿ, ಸಾಬೂನು ಕಪ್ಪಾಗುವವರೆಗೆ ಬಿಸಿಮಾಡಿದರೆ ತಗಡು ಮೆತ್ತಗಾಗಿ ಬೇಕಾದಂತೆ ಬಾಗುತ್ತದೆ.

ಇವೆಲ್ಲಕ್ಕೂ ತೂಕದ ಅಂಕುಶವಿದೆ. ಸ್ಪಿಟ್‌ಫೈರಿನ ಮೂತಿ ಗಿಡ್ಡ, ಬಾಲ ಉದ್ದ. ಬಾಲದ ಕಡೆ ಹಚ್ಚಿದ ಬಣ್ಣದ ಪ್ರತಿಯೊಂದು ಗ್ರಾಮಿಗೂ ಸಮತೂಕಕ್ಕಾಗಿ ಮೂತಿಯಲ್ಲಿ ಹಲವು ಗ್ರಾಂ ಸೀಸ ತುಂಬಬೇಕು. ಕಪಾಟಿನಲ್ಲಿ ಕೂರುವ ಬೊಂಬೆಗೆ ಈ ಚಿಂತೆಯಿಲ್ಲ. ಹಾರಬೇಕಾದುದಕ್ಕೆ ಪ್ರತಿ ಕಲೆಯೂ ಒಂದು ಹೊರೆ. ಆದ್ದರಿಂದ ಯಾವ ಗುರುತು ಇರಲೇಬೇಕೆಂಬುದನ್ನು ಆಯ್ದುಕೊಳ್ಳಬೇಕಾಗುತ್ತದೆ.

ಆಯ್ಕೆಗೆ ಡಕ್ಸ್‌ಫರ್ಡಿನಲ್ಲಿ ಒಳ್ಳೆಯ ನಿದರ್ಶನ ಎನ್3200 ಎಂಬ ಸ್ಪಿಟ್‌ಫೈರ್. 1940ರ ಮೇ 26ರಂದು ಸ್ಕ್ವಾಡ್ರನ್ ಲೀಡರ್ ಜೆಫ್ರಿ ಸ್ಟೀಫನ್ಸನ್ ಇದನ್ನು ಡಂಕರ್ಕಿನ ಕಡೆಗೆ ಹಾರಿಸಿಕೊಂಡು ಹೋದರು. ಪೆಟ್ಟುತಿಂದ ವಿಮಾನ ಫ್ರಾನ್ಸಿನ ಸಾಂಗಾತ್ ಕಡಲತೀರದಲ್ಲಿ ಇಳಿಯಿತು. ಅವರು ಜರ್ಮನರ ಸೆರೆಯಾದರು. ಮರಳು ವಿಮಾನವನ್ನು ನುಂಗಿತು, 1986ರಲ್ಲಿ ಮತ್ತೆ ಹೊರಗೆ ಕೊಟ್ಟಿತು. ಜೀರ್ಣೋದ್ಧಾರಗೊಂಡು 2014ರಲ್ಲಿ ಅದು ಮರಳಿ ಹಾರಿತು. ಈಗ ಡಕ್ಸ್‌ಫರ್ಡಿನಲ್ಲಿಯೇ ಇದೆ. ಕೆಳಗಿನಿಂದ ನೋಡುವ ಸ್ವಪಕ್ಷದವರು ಗುರುತಿಸಲೆಂದು ಅದರ ಒಂದು ರೆಕ್ಕೆಯ ಅಡಿಭಾಗ ಕಪ್ಪು, ಇನ್ನೊಂದು ಬಿಳಿ. ಆ ದಿನ ಅದಕ್ಕೆ ವರ್ಷವೂ ತುಂಬಿರಲಿಲ್ಲ. ಅದರ ಮಾದರಿಗೆ ತುಕ್ಕು, ಸವೆತ, ಕಿತ್ತ ಬಣ್ಣವನ್ನು ಧಾರಾಳವಾಗಿ ಬಳಿದರೆ, ಎಳೆಯ ಪ್ರಾಯದಲ್ಲಿಯೇ ನೆಲಕ್ಕೆ ಬಿದ್ದುದಕ್ಕೆ ಮುಪ್ಪನ್ನು ಹೊರಿಸಿದಂತಾಗುತ್ತದೆ.

ಬಂದೂಕಿನ ಬಾಯಿಗಳದೂ ಹೀಗೆಯೇ. ಧೂಳೂ ಹಿಮವೂ ಒಳಸೇರದಂತೆ ರೆಕ್ಕೆಯ ಅಂಚಿನ ತೂತುಗಳ ಮೇಲೆ ಕೆಂಪು ಬಟ್ಟೆಯ ತುಂಡು ಅಂಟಿಸುತ್ತಿದ್ದರು. ಮೊದಲ ಗುಂಡು ಅದನ್ನು ಹರಿಯುತ್ತಿತ್ತು, ರೆಕ್ಕೆಯಡಿ ಮಸಿ ಹರಡುತ್ತಿತ್ತು. ಬಟ್ಟೆ ಇಡಿಯಾಗಿದ್ದರೆ ವಿಮಾನ ಇನ್ನೂ ಗುಂಡು ಹಾರಿಸಿಲ್ಲ; ಹರಿದಿದ್ದರೆ ಹಾರಿಸಿ ಮರಳಿದೆ. ಇಡೀ ಬಟ್ಟೆಯ ಹಿಂದೆ ಮಸಿ ಬಳಿದ ಮಾದರಿ ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತದೆ. 1944ರ ಜೂನ್ ಮೊದಲ ವಾರದಲ್ಲಿ, ನಾರ್ಮಂಡಿಯ ದಾಳಿಗೆ ಮುನ್ನ, ವಿಮಾನಗಳ ಮೇಲೆ ಕಪ್ಪು ಬಿಳಿ ಪಟ್ಟೆ ಬಳಿಯುವ ಆಜ್ಞೆ ಬಂದಾಗ ನೆಲದ ಸಿಬ್ಬಂದಿ ಕೈಗೆ ಸಿಕ್ಕ ಕುಂಚದಿಂದ ಅವಸರವಾಗಿ ಬಳಿದರು. ಒಂದೊಂದು ಪಟ್ಟೆ 18 ಅಂಗುಲ, ಅಂಚುಗಳು ಅಂಕುಡೊಂಕು. ಇಂದು ಅಳತೆಪಟ್ಟಿ ಹಿಡಿದು ನೇರಮಾಡಿದ ಪಟ್ಟೆಯಲ್ಲಿ ಆ ಅವಸರ ಉಳಿಯುವುದಿಲ್ಲ. ಸಂಗ್ರಹಾಲಯದ ವಿಮಾನಗಳೂ ಹಲವೊಮ್ಮೆ ನಿಜಕ್ಕಿಂತ ಹೊಳಪಾಗಿರುವುದರಿಂದ, ಬಲ್ಲವರು ಯುದ್ಧಕಾಲದ ಛಾಯಾಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂರುತ್ತಾರೆ.

ಈ ನೋಟವನ್ನು ಕಲಿತವರು ಡಕ್ಸ್‌ಫರ್ಡಿನಿಂದ ಲಂಡನ್ನಿಗೆ ಮರಳಿ, ಹೆಂಡನ್ನಿನ ವಾಯುಪಡೆಯ ಸಂಗ್ರಹಾಲಯದಲ್ಲಿರುವ ಲಿಬರೇಟರ್ ಬಾಂಬರಿನ ಮುಂದೆ ನಿಲ್ಲಬೇಕು. ಅದರ ಸಂಖ್ಯೆ ಕೆಎನ್751. ಯುದ್ಧ ಮುಗಿದಾಗ ಬ್ರಿಟಿಷರು ಇಂಥ ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. ಅವುಗಳಲ್ಲಿ ಹಲವನ್ನು ಹಾರುವಂತೆ ಮಾಡಿದ್ದು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ; 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಅದನ್ನು ಸ್ಥಾಪಿಸಿದವರು ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹಿರಾಚಂದರು. ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್ಶೆದ್ ಮುನ್ಷಿ ಅವುಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ದುರಸ್ತಿಯಾದ ಲಿಬರೇಟರುಗಳು 1948ರಿಂದ ಎರಡು ದಶಕ ಭಾರತೀಯ ವಾಯುಪಡೆಯಲ್ಲಿ ದುಡಿದವು. ಕೆಎನ್751ನ್ನು ಭಾರತ 1974ರಲ್ಲಿ ಬ್ರಿಟನ್ನಿಗೆ ಕಾಣಿಕೆಯಾಗಿ ಕೊಟ್ಟಿತು.

ಇಂದು ಅದರ ಮೈಮೇಲಿರುವುದು ಬ್ರಿಟಿಷ್ ವಾಯುಪಡೆಯ ಗುರುತು. ಅದರ ಮಾದರಿಯನ್ನು ಕಟ್ಟಲು ಹೊರಟವನು ಮೊದಲು ಉತ್ತರಿಸಬೇಕಾದ ಪ್ರಶ್ನೆ, ಇದು ಯಾವ ದಿನದ ವಿಮಾನ ಎಂಬುದು. 1945ರದಾದರೆ ಈಗಿನ ಗುರುತೇ ಸಾಕು. 1950ರ ದಶಕದ್ದಾದರೆ ತ್ರಿವರ್ಣದ ಚಕ್ರ ಬರಬೇಕು. ಅದರೊಡನೆ ಬೆಂಗಳೂರಿನ ಕಾರ್ಮಿಕರು ತೇಪೆಹಾಕಿ ರಿವೆಟ್ಟು ಹೊಡೆದ ಜಾಗಗಳನ್ನು ಹಳೆಯ ಛಾಯಾಚಿತ್ರಗಳಲ್ಲಿ ಒಂದೊಂದಾಗಿ ಹುಡುಕಿ ಮಾದರಿಯ ಮೈಮೇಲೆ ತರಬೇಕು.